ಸಾಲ ಕೇಳಲು ಬರುತ್ತಿದ್ದ ರೋಷನನ ಪರವಾಗಿ ಒಂದು ತಕರಾರು

ಶಿಕ್ಷಣ ಸಾಲ ವಸೂಲಾತಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮ ಮನೆಗೆ ಸಾಲ ಕೇಳಲು ಬರುತ್ತಿದ್ದ ರೋಷನ ಎಂಬ ತರುಣನನ್ನು ತಾವು ಕೆಲಸದಿಂದ ತೆಗೆದಿದ್ದೀರಿ. ತೆಗೆದದ್ದು ತಪ್ಪು. ಇದೇ ನನ್ನ ದೂರು. ವಸೂಲಿಯವರು ಬಂದು ಪೀಡಿಸುತ್ತಾರೆ ಎಂದು ಬರೆಯುವವರನ್ನು ತಾವು ದಿನಾಲೂ ನೋಡುತ್ತಿರಬಹುದು. ಬರುತ್ತಿದ್ದವನು ಬರುವುದು ನಿಂತಿತು ಎಂದು ಬರೆಯುವ ಸಾಲಗಾರ ತಮ್ಮ ಕಚೇರಿಯ ಇತಿಹಾಸದಲ್ಲಿ ನಾನೊಬ್ಬನೇ ಇರಬೇಕು. ಅವನನ್ನು ತೆಗೆಯಲು ತಾವು ಕೊಟ್ಟ ಕಾರಣ "ಸಾಲಗಾರರ ಕುಟುಂಬದೊಂದಿಗೆ ಅನುಚಿತ ಸಾಮೀಪ್ಯ" ಎಂಬುದಂತೆ. ಆ ಕುಟುಂಬ ನನ್ನದು. ಆ ಸಾಮೀಪ್ಯದಲ್ಲಿ ನಡೆದದ್ದೇನು ಎಂದು ಯಾರೂ ನಮ್ಮನ್ನು ಕೇಳಲಿಲ್ಲ, ಆದ್ದರಿಂದ ಕೇಳದೆಯೇ ಹೇಳುತ್ತಿದ್ದೇನೆ. ಇದಕ್ಕೂ ಮೊದಲು ತಮಗೆ ಅಂಚೆಯಲ್ಲಿ ಬರೆದಿದ್ದೆ. "ತಮ್ಮ ಪತ್ರ ತಲುಪಿದೆ, ಸಕಾಲಿಕ ಮರುಪಾವತಿಗೆ ಧನ್ಯವಾದ" ಎಂದು ಮೊಬೈಲಿಗೆ ಉತ್ತರ ಬಂತು. ನಾನು ಯಾವ ಮರುಪಾವತಿಯನ್ನೂ ಮಾಡಿರಲಿಲ್ಲ. ಹಾಗಾಗಿ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಾಲ್ಕು ಜನ ಓದಿದರೆ ಅವರಲ್ಲಿ ತಾವೂ ಒಬ್ಬರಾಗಿರಬಹುದು ಎಂಬ ಆಸೆ.

ಮೊದಲು ನನ್ನ ಪರಿಚಯ. ನಾನು ಅಮದಳ್ಳಿಯವನು, ಸರ್ಕಾರಿ ಬಸ್ಸಿನ ನಿವೃತ್ತ ಕಂಡಕ್ಟರ್. ಕಾರವಾರ–ಅಂಕೋಲಾ ದಾರಿಯಲ್ಲಿ ಮೂವತ್ತು ವರ್ಷ ಪ್ರಯಾಣ ಮಾಡಿದ್ದೇನೆ, ಎಲ್ಲವೂ ನಿಂತುಕೊಂಡೇ. ಹೆಸರು ಹರಿಶ್ಚಂದ್ರ. ಈ ಹೆಸರಿಟ್ಟುಕೊಂಡವನು ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಯೋಚಿಸಬೇಕಿತ್ತು ಎಂದು ಊರಿನಲ್ಲಿ ಎಲ್ಲರೂ ಹೇಳಿ ನಕ್ಕಾಗಿದೆ. ತಮಗೂ ನಗು ಬಂದಿದ್ದರೆ ನಕ್ಕುಬಿಡಿ, ಮುಂದೆ ಹೋಗೋಣ. ಹೆಂಡತಿ ಗಂಗೂ ಮನೆಯ ಹಿಂದಿನ ಗದ್ದೆಯಲ್ಲಿ ಹರಿವೆ, ಬದನೆ, ಮೂಲಂಗಿ ಬೆಳೆದು ಕಾರವಾರದ ಸಂತೆಗೆ ಒಯ್ಯುತ್ತಾಳೆ. ಒಬ್ಬಳೇ ಮಗಳು, ನಾಗಶ್ರೀ. ಫಿಸಿಯೋಥೆರಪಿ ಓದಿದ್ದಾಳೆ. ಹಿಡಿದುಕೊಂಡ ಬೆನ್ನು, ಎತ್ತಲಾಗದ ತೋಳು, ಮಡಚಲಾಗದ ಮೊಣಕಾಲನ್ನು ವ್ಯಾಯಾಮ ಮಾಡಿಸಿ ಸರಿಮಾಡುವ ವಿದ್ಯೆ ಅದು. ಅವಳು ಪಿಯುಸಿಯಲ್ಲಿದ್ದಾಗ ನನ್ನ ಸೊಂಟ ಹಿಡಿದು ನಾನು ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಾಗಿಹೋಗಿದ್ದೆ. ಅಂಕೋಲೆಯಲ್ಲಿ ಒಬ್ಬ ಹೆಣ್ಣುಮಗಳು ಎರಡು ತಿಂಗಳಲ್ಲಿ ನನ್ನನ್ನು ಮತ್ತೆ ನೆಟ್ಟಗೆ ನಿಲ್ಲಿಸಿದಳು. ಪಕ್ಕದಲ್ಲಿ ಕೂತು ನೋಡುತ್ತಿದ್ದ ನಾಗಶ್ರೀ ಅವತ್ತೇ ನಿರ್ಧಾರ ಮಾಡಿದಳು. ಮಗಳು ಡಾಕ್ಟರಾಗಲಿ, ಎಂಜಿನಿಯರಾಗಲಿ ಎಂದು ನಾವು ಹಟ ಹಿಡಿದವರಲ್ಲ. ಅವಳಿಗೆ ಬೇಕಾದ್ದನ್ನು ಓದಿಸಿದೆವು, ಅಷ್ಟೇ.

ಕಾಲೇಜು ಬೇರೆ ಜಿಲ್ಲೆಯದು. ಹೆಸರು ಬೇಡ, ಅದಕ್ಕೆ ಜಾಹೀರಾತು ಈಗಾಗಲೇ ಸಾಕಷ್ಟಿದೆ. ಸೇರುವ ದಿನ ಒಂದು ನುಣುಪು ಪುಸ್ತಿಕೆ ಕೊಟ್ಟರು. ಅದರಲ್ಲಿ ಹುಲ್ಲುಹಾಸು, ನಗುವ ಹುಡುಗಿಯರು, ಕಡೆಯ ಪುಟದಲ್ಲಿ ವರ್ಷದ ಶುಲ್ಕ. ಆ ಶುಲ್ಕವನ್ನು ನಾಲ್ಕೂವರೆಯಿಂದ ಗುಣಿಸಿ ಸಾಲ ಕೇಳಿದೆವು. ಗುಣಾಕಾರ ನನ್ನದೇ, ತಪ್ಪಾಗಿರಲಿಲ್ಲ. ಎರಡನೇ ವರ್ಷ "ಪರಿಷ್ಕೃತ ಶುಲ್ಕ" ಬಂತು. ಮೂರನೇ ವರ್ಷ "ಕೌಶಲ್ಯ ವರ್ಧನ ಶುಲ್ಕ" ಬಂತು. ಕೌಶಲ್ಯ ಕಲಿಸುವುದಕ್ಕೇ ಅಲ್ಲವೇ ಮೊದಲನೆಯ ಶುಲ್ಕ ತೆಗೆದುಕೊಂಡದ್ದು ಎಂದು ಕಚೇರಿಯಲ್ಲಿ ಕೇಳಿದೆ. ಅಲ್ಲಿದ್ದವರು "ಅದು ವಿದ್ಯೆಗೆ, ಇದು ಕೌಶಲ್ಯಕ್ಕೆ" ಎಂದರು. ನಾಲ್ಕನೇ ವರ್ಷ ಹಾಸ್ಟೆಲ್ ಊಟದ ದರ ಏರಿತು, ಊಟ ಇಳಿಯಿತು. ಮಾನ್ಯರೇ, ಅಂಕೋಲೆಯಲ್ಲಿ ಕಾರವಾರಕ್ಕೆಂದು ಟಿಕೆಟು ಹರಿದುಕೊಟ್ಟು, ಚೆಂಡಿಯಾ ದಾಟಿದ ಮೇಲೆ "ಈಗ ದರ ಪರಿಷ್ಕೃತವಾಗಿದೆ, ಅರ್ಗಾದಿಂದ ಮುಂದಕ್ಕೆ ಮತ್ತೆ ಕೊಡಿ, ಕಿಟಕಿಯ ಗಾಳಿಗೆ ಬೇರೆ ಕೊಡಿ" ಎಂದು ನಾನೇನಾದರೂ ಕೇಳಿದ್ದರೆ, ಪ್ರಯಾಣಿಕರು ನನ್ನನ್ನು ಬಿಣಗಾದ ಸುರಂಗದಲ್ಲಿ ಇಳಿಸಿ ಡ್ರೈವರಿಗೆ ರೈಟ್ ಹೇಳುತ್ತಿದ್ದರು. ಕಾಲೇಜಿನಲ್ಲಿ ಮಾತ್ರ ನಡುದಾರಿಯಲ್ಲಿ ದರ ಏರಿಸಬಹುದು. ಏಕೆಂದರೆ ನಡುದಾರಿಯಲ್ಲಿ ಇಳಿದವಳಿಗೆ ಹಣವೂ ಹೋಯಿತು, ಊರೂ ಬರಲಿಲ್ಲ.

ಸಾಲ ಹಾಗೆ ಬೆಳೆಯಿತು. ಅದಕ್ಕೆ ನಾನು ಸಹ-ಸಾಲಗಾರ. ಓದುತ್ತಿರುವಾಗ ಕಂತು ಕಟ್ಟಬೇಕಿಲ್ಲ ಎಂದು ತಮ್ಮವರು ನಗುನಗುತ್ತಾ ಹೇಳಿದ್ದು ನಿಜವೇ. ಬಡ್ಡಿ ಮಾತ್ರ ರಜೆ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಅಷ್ಟೇ ನಗುಮುಖದಿಂದ ಯಾರೂ ಹೇಳಲಿಲ್ಲ. ಆರು ಲಕ್ಷದ ಸಾಲ ಓದು ಮುಗಿಯುವಷ್ಟರಲ್ಲಿ ಏಳೂವರೆ ದಾಟಿತ್ತು. ನಾಗಶ್ರೀಗೆ ಕಾರವಾರದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತು, ಸಂಬಳ ಹನ್ನೆರಡು ಸಾವಿರ. ತಮ್ಮ ಕಂತು ಹತ್ತು ಸಾವಿರದ ಮೇಲೆ. ಅದೇ ವರ್ಷ ನಾನು ನಿವೃತ್ತನಾದೆ. ನನ್ನ ಪಿಂಚಣಿ ಎಷ್ಟೆಂದು ಹೇಳಿದರೆ ತಾವು ನಂಬಲಿಕ್ಕಿಲ್ಲ, ಹೇಳುವುದಿಲ್ಲ. ಎಂಟು ತಿಂಗಳು ಹೇಗೋ ಕಟ್ಟಿದೆವು. ಗಂಗೂಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಒಂದು ಕಂತು ತಪ್ಪಿತು, ಅದರ ಹಿಂದೆಯೇ ಇನ್ನೆರಡು.

ಆಗ ಬಂದವನು ರೋಷನ.

ಮೇ ತಿಂಗಳ ಮಧ್ಯಾಹ್ನ. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಗೆ ಬಿಗಿದ ಟೈ, ಕಂಕುಳಲ್ಲಿ ಹೆಲ್ಮೆಟ್. ಅಂಗಳದ ನಡುವೆ ನಿಂತು ಕೈಯಲ್ಲಿದ್ದ ಕಾರ್ಡು ನೋಡಿಕೊಂಡು ಓದತೊಡಗಿದ: "ನಮಸ್ಕಾರ. ನಾನು ಬ್ಯಾಂಕಿನ ಪರವಾಗಿ ಬಂದಿರುತ್ತೇನೆ. ತಮ್ಮ ಖಾತೆಯು ಅನಿಯಮಿತವಾಗಿರುವುದನ್ನು ವಿಷಾದದಿಂದ ತಿಳಿಸುತ್ತಾ..."

ಗಂಗೂ ಬಾಗಿಲಿಗೆ ಬಂದಳು. "ಎಂತದು ತಮಾ, ಬಿಸಿಲಲ್ಲಿ ನಿಂತ್ಕಂಡು ಓದ್ತೆ? ಒಳಗೆ ಬಂದು ಕೂತ್ಕಂಡು ಓದು."

"ಒಳಗೆ ಕೂತ್ಕಳೂಕೆ ಇಲ್ಲ ಹೇಳಿ ಟ್ರೇನಿಂಗ್‌ದಲ್ಲಿ ಹೇಳಿದಾರೆ ಅಮ್ಮಾ."

"ನೀರು ಕುಡಿಯೂಕೆ?"

ಅವನು ಕಾರ್ಡು ತಿರುಗಿಸಿ ನೋಡಿದ. "ನೀರಿನ ಬಗ್ಗೆ ಎಂತದೂ ಹೇಳ್ಲಿಲ್ಲ."

ನೀರು ಕುಡಿಯುವಾಗ ನಾನು ಯಾವೂರೆಂದು ಕೇಳಿದೆ. ಬೈತಖೋಲ ಎಂದ. ತಂದೆ ಮಾಬ್ಲೇಶ್ವರ ಟ್ರಾಲರಿನ ಮೇಲೆ ಬಲೆ ಎಳೆಯುವವರು, ತಾಯಿ ಚಂಪಾ ಬಂದರಿನಲ್ಲಿ ಮೀನು ಕೊಂಡು ಕಾರವಾರದಲ್ಲಿ ಮಾರುವವರು. ಎಷ್ಟು ಓದಿದ್ದೀ ಎಂದೆ. ಬೆಳಗಾವಿಯಲ್ಲಿ ಎಂಬಿಎ ಎಂದ.

"ಸಾಲ ಮಾಡ್ಕಂಡಾ?" ಗಂಗೂ ಕೇಳಿದಳು.

ಅವನು ಹೆಲ್ಮೆಟನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದ. "ಹೌದು. ಇದೇ ಬ್ಯಾಂಕು."

"ಮತ್ತೆ ನಿಂಗೆ ಸಂಬಳ?"

"ಸಂಬಳ ಇಲ್ಲ ಅಮ್ಮಾ, ಕಮಿಷನ್. ನೀವು ಕಟ್ಟಿದ್ರೆ ನಂಗೆ ಕಮಿಷನ್ ಬರ್ತದೆ. ಅದ್ರಲ್ಲಿ ನಾನು ನನ್ನ ಕಂತು ಕಟ್ಟೂದು. ನೀವು ಕಟ್ಲಿಲ್ಲ ಅಂದ್ರೆ ನನ್ನ ಕಂತು ತಪ್ತದೆ. ಆಗ ನಮ್ಮನೆಗೂ ಒಬ್ಬ ಬರ್ತಾನೆ."

"ಅವಂಗೂ ಸಾಲ ಇರ್ತದ್ಯಾ?"

"ಇರೂಕೆ ಸಾಕು."

ಅವತ್ತು ನಾವು ಮೂವರೂ ನಕ್ಕೆವು. ಸಾಲಗಾರರ ಅಂಗಳದಲ್ಲಿ ವಸೂಲಿಗಾರ ನಗಬಾರದೆಂಬ ನಿಯಮವೂ ತಮ್ಮಲ್ಲಿ ಇದೆಯೇನೋ, ನನಗೆ ಗೊತ್ತಿಲ್ಲ. ಹೋಗುವಾಗ ರೋಷನ ಒಂದು ಉಪಾಯ ಹೇಳಿದ. ಬಾಕಿಯನ್ನು ಒಮ್ಮೆಲೇ ಕಟ್ಟಲಾಗದಿದ್ದರೆ ತಿಂಗಳ ಕಂತಿನ ಜೊತೆಗೆ ಸ್ವಲ್ಪ ಸ್ವಲ್ಪ ಸೇರಿಸಿ ಕಟ್ಟಬಹುದು, ಶಾಖೆಯಲ್ಲಿ ಮಾತಾಡಿ ಒಪ್ಪಿಸುತ್ತೇನೆ ಎಂದ. ಒಪ್ಪಿಸಿದ. ಹೆದರಿಸಲಿಲ್ಲ, ಪಕ್ಕದ ಮನೆಯವರಿಗೆ ಕೇಳುವಂತೆ ಕೂಗಲಿಲ್ಲ. ಒಪ್ಪಿಗೆಯೇನೋ ಆಯಿತು, ಕಟ್ಟಲು ಹಣ ಬೇಕಲ್ಲ?

ಅದೂ ಬಂತು, ಬಂದದ್ದು ರೋಷನನಿಂದಲೇ. ಅದು ಹೇಗೆಂದು ಹೇಳುತ್ತೇನೆ, ತಮ್ಮ ಆದೇಶದ "ಸಾಮೀಪ್ಯ" ಶುರುವಾಗುವುದು ಇಲ್ಲಿಂದ.

ಜುಲೈಯಲ್ಲಿ ಬರಬೇಕಾದ ದಿನ ಅವನು ಬರಲಿಲ್ಲ. ಒಂದು ಭಾನುವಾರ ಬಂದು, ತಡವಾದದ್ದಕ್ಕೆ ನಮ್ಮಲ್ಲಿ ಕ್ಷಮೆ ಕೇಳಿದ. ವಸೂಲಿಗೆ ತಡವಾಗಿ ಬಂದದ್ದಕ್ಕೆ ಸಾಲಗಾರನ ಕ್ಷಮೆ ಕೇಳಿದವನನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಳೆಗಾಲದ ರಜೆಗೆ ಬಂದರಿನಲ್ಲಿ ಕಟ್ಟಿದ್ದ ಟ್ರಾಲರನ್ನು ತೊಳೆಯುವಾಗ ಅವನ ತಂದೆ ಜಾರಿ ಬಿದ್ದಿದ್ದರು. ಮೂರು ವಾರದಿಂದ ಹಾಸಿಗೆ. ಆಪರೇಷನ್ ಮಾಡಿಸಿದರೆ ನೋಡಬಹುದು ಎಂದಿದ್ದರಂತೆ ಆಸ್ಪತ್ರೆಯಲ್ಲಿ. ಮನೆಯಲ್ಲೇ ಇದ್ದ ನಾಗಶ್ರೀ ಒಳಗಿನಿಂದ ಬಂದಳು. ಅಲ್ಲಿಯವರೆಗೆ ಅವಳು ಅವನೆದುರು ಬಂದವಳಲ್ಲ, ನಾಚಿಕೆ. ಸಾಲ ಅವಳ ಹೆಸರಿನಲ್ಲಿತ್ತಲ್ಲ.

"ಕಾಲಿಗೆ ಜೋಮು ಹಿಡೀತದಾ ಅವ್ರಿಗೆ?" ಕೇಳಿದಳು.

"ಇಲ್ಲ."

"ಮಗ್ಗಲು ತಿರುಗುವಾಗ ನೋವಾ, ಕೂತ್ಕಳುವಾಗ ನೋವಾ?"

"ಕೂತ್ಕಳೂದೇ ಇಲ್ಲ. ಹೆದ್ರಿಕೆ."

"ಎಕ್ಸ್-ರೇ ತಗದಿದಾರಾ? ಇದ್ರೆ ನಾ ಇವತ್ತೇ ಬಂದು ನೋಡ್ತೆ."

ಮಧ್ಯಾಹ್ನದ ಬಸ್ಸಿಗೆ ಅವಳೂ ನಾನೂ ಬೈತಖೋಲದಲ್ಲಿ ಇಳಿದೆವು. ಮಾಬ್ಲೇಶ್ವರರು ಚಾಪೆಯ ಮೇಲೆ ಅಂಗಾತ ಮಲಗಿ ಮಾಡಿನ ಹಂಚು ಎಣಿಸುತ್ತಿದ್ದರು. ಆಳು ಆನೆಯಂಥವರು, ಮುಖ ಮಾತ್ರ ಬೆದರಿದ ಕೂಸಿನದು. ನಾಗಶ್ರೀ ಎಕ್ಸ್-ರೇ ನೋಡಿದಳು, ಮಂಡಿಯೂರಿ ಕೂತು ಕಾಲು ಎತ್ತಿಸಿದಳು, ಬೆರಳು ಅಲ್ಲಾಡಿಸಿ ಎಂದಳು. ಮೂಳೆ ಮುರಿದಿಲ್ಲ, ಸ್ನಾಯು ಬಿಗಿದಿದೆ, ಮಲಗಿದಷ್ಟೂ ಬಿಗಿಯುತ್ತದೆ ಎಂದಳು. ಚಂಪಾ ನಾಗಶ್ರೀಯ ಕೈ ಹಿಡಿದುಕೊಂಡು, "ಬಾಳಾ, ಮತ್ತೆ ಬೋಟಿಗೆ ಹೋಗೂದು ಬ್ಯಾಡ. ಎದ್ದು ಕೂತ್ಕಂಡು ಕೈಯಾರೆ ಅನ್ನ ಉಂಡ್ರೆ ಸಾಕು" ಎಂದರು.

"ಬೋಟಿಗೂ ಹೋಗ್ತಾರೆ. ನಾ ಹೇಳಿದ್ದು ಮಾಡ್ಬೇಕು ಅಷ್ಟೇ," ಎಂದಳು ನಾಗಶ್ರೀ.

ಹಾಗೆ ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. ಮನೆಯಲ್ಲಿ ಕಂತು ತಪ್ಪಿದ ಮೇಲೆ ಅವಳ ದನಿ ಸಣ್ಣದಾಗಿಹೋಗಿತ್ತು. ಅಲ್ಲಿ, ಬಲೆಯ ವಾಸನೆಯ ಆ ಕೋಣೆಯಲ್ಲಿ, ನಾನು ಸಾಲ ಮಾಡಿ ಓದಿಸಿದ ಹುಡುಗಿ ಯಾರೆಂದು ನನಗೆ ಕಂಡಿತು. ತಮಗೆ ಅವಳು ಬರೀ ಖಾತೆ ಸಂಖ್ಯೆ. ನನಗೂ ಆ ಕೆಲವು ತಿಂಗಳು ಹಾಗೇ ಆಗಿಬಿಟ್ಟಿತ್ತು.

ನರ್ಸಿಂಗ್ ಹೋಮಿನ ಕೆಲಸ ಮುಗಿಸಿ ಬರುವ ದಾರಿಯಲ್ಲಿ ಅವಳು ದಿನಾ ಸಂಜೆ ಬೈತಖೋಲದಲ್ಲಿ ಇಳಿಯತೊಡಗಿದಳು. ಹತ್ತು ದಿನದಲ್ಲಿ ಮಾಬ್ಲೇಶ್ವರರು ಕೂತರು. ಗಣೇಶ ಚೌತಿಯ ಹೊತ್ತಿಗೆ ಮೀನಿನ ಹರಾಜು ನಡೆಯುವಲ್ಲಿಗೆ ತಾವೇ ನಡೆದುಹೋಗಿ, ಯಾರೂ ಕೇಳದಿದ್ದರೂ ಒಂದು ರಾಶಿ ಬಂಗಡೆಗೆ ಬೆಲೆ ಕೂಗಿ ಬಂದರಂತೆ. ಮೀನುಗಾರರಲ್ಲಿ ಸುದ್ದಿ ಹರಡಲು ಪೇಪರು ಬೇಕಾಗಿಲ್ಲ. ಬಲೆ ಎಳೆದೆಳೆದು ಹೆಗಲು ಕೂತವರು, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಕುತ್ತಿಗೆ ಹಿಡಿದ ಹೆಂಗಸರು, ಐಸಿನ ಪೆಟ್ಟಿಗೆ ಎತ್ತಿ ಸೊಂಟ ಹೋದವರು ಚಂಪಾರ ಮನೆಗೆ ಬರಲು ಶುರು ಮಾಡಿದರು. ಮನೆಯ ಹಿಂದೆ ಬಲೆ ಇಡುವ, ಕೊಟ್ಟಿಗೆಯಂಥ ಮಾಡು ಇತ್ತು. ರೋಷನ ಅದನ್ನು ತೆರವು ಮಾಡಿ ಸುಣ್ಣ ಬಳಿದ, ಮಲಗಿಸಲು ಒಂದು ಗಟ್ಟಿ ಬೆಂಚು ಮಾಡಿಸಿದ. ನಾಗಶ್ರೀ ಸಂಜೆ ಅಲ್ಲಿ ಕೂತಳು. ಕೆಲವರು ಐವತ್ತು ಕೊಟ್ಟರು, ಕೆಲವರು ನೂರು ಕೊಟ್ಟರು, ಇಲ್ಲದವರು ನೊಗ್ಲಿ ಮೀನು ಕೊಟ್ಟರು, ಬಂಗಡೆ ಕೊಟ್ಟರು. ಮೀನನ್ನು ಬ್ಯಾಂಕು ಕಂತಾಗಿ ಸ್ವೀಕರಿಸುವುದಿಲ್ಲ ಎಂದು ರೋಷನ ಗಂಭೀರವಾಗಿ ವಿಚಾರಿಸಿಕೊಂಡು ಬಂದು ತಿಳಿಸಿದ. ಚಂಪಾ ಅದನ್ನು ಮಾರಿ ಹಣ ಮಾಡಿ ಕೊಟ್ಟರು.

ತಮ್ಮ ದಾಖಲೆ ನೋಡಿಕೊಳ್ಳಿ, ಮಾನ್ಯರೇ. ಸೆಪ್ಟೆಂಬರಿನಿಂದ ರೋಷನನನ್ನು ತೆಗೆಯುವವರೆಗೆ ನಮ್ಮ ಕಂತು ಒಂದೂ ತಪ್ಪಿರಲಿಲ್ಲ. ಹಳೆಯ ಬಾಕಿಯೂ ಕರಗುತ್ತಿತ್ತು. ಮನೆಗೆ ಬಂದು ಬಾಗಿಲು ಬಡಿದು ಹೋಗುವುದಕ್ಕೆ ವಸೂಲಿ ಎನ್ನುತ್ತೀರಾ, ಕಟ್ಟುವ ದಾರಿ ಹುಡುಕಿಕೊಡುವುದಕ್ಕೆ ಎನ್ನುತ್ತೀರಾ? ತಮ್ಮ ಕೈಪಿಡಿಯಲ್ಲಿ ಇದಕ್ಕೊಂದು ಉತ್ತರ ಇರಬಹುದು. ಇದ್ದರೆ ಆ ಪುಟ ಹರಿದು ಕಳಿಸಿಕೊಡಿ.

ಇಲ್ಲಿಗೆ ಬಂದಾಗ ಓದುವವರಿಗೆ ಬೇರೊಂದು ಸಂಶಯ ಮೂಡಿರುತ್ತದೆ. ಗಂಗೂಗೂ ಮೂಡಿತ್ತು. ಒಂದು ದಿನ ಸೊಪ್ಪು ಸೋಸುತ್ತಾ ಮಗಳನ್ನು ಕೇಳಿಯೇಬಿಟ್ಟಳು: "ನೀವಿಬ್ರೂ ಎಂತಾದ್ರೂ ಯೋಚ್ನೆ ಮಾಡಿದ್ರೆ ಹೇಳು. ನಾವೇನು ಕೊಲ್ಲೂದಿಲ್ಲ." ನಾಗಶ್ರೀ ಅಂದಳು: "ಆಯಿ, ಎರಡು ಸಾಲ ಒಂದೇ ಮನೆಗೆ ಬಂದ್ರೆ ಅದ್ಕೆ ಮದುವೆ ಹೇಳೂದಿಲ್ಲ, ವಿಲೀನ ಹೇಳ್ತಾರೆ." ಆ ವಿಷಯ ಅಲ್ಲಿಗೆ ಮುಗಿಯಿತು. ಇಲ್ಲಿಗೂ ಮುಗಿಯಲಿ.

ಜನವರಿಯ ಒಂದು ಭಾನುವಾರ ತಮ್ಮ ವಿಭಾಗದ ಅಧಿಕಾರಿಯೊಬ್ಬರು ಮುನ್ಸೂಚನೆ ಇಲ್ಲದೆ ತಪಾಸಣೆಗೆ ಬಂದರು. ಬಂದ ಗಳಿಗೆ ಸರಿಯಿರಲಿಲ್ಲ. ರೋಷನ ತಾಯಿ ಕೊಟ್ಟ ಬಂಗಡೆ ತಂದುಕೊಟ್ಟಿದ್ದ, ಗಂಗೂ ಸಾರು ಮಾಡಿದ್ದಳು, ಅವನನ್ನು ಕೂರಿಸಿ ಬಡಿಸಿದ್ದಳು. ಟೈಯನ್ನು ಹೆಗಲ ಮೇಲೆ ಹಿಂದಕ್ಕೆ ಎಸೆದುಕೊಂಡು ಅವನು ಉಣ್ಣುತ್ತಿದ್ದ. ಅಧಿಕಾರಿ ಬಾಗಿಲಲ್ಲಿ ನಿಂತು, "ನೀವು ವಸೂಲಿಗೆ ಬಂದಿದ್ದೀರೋ, ಊಟಕ್ಕೆ ಬಂದಿದ್ದೀರೋ?" ಎಂದು ಕೇಳಿದರು.

ರೋಷನ ಎದ್ದು ನಿಂತ. ಕೈಯಲ್ಲಿ ಅನ್ನ. ಗಂಗೂವೇ ಉತ್ತರ ಕೊಟ್ಟಳು: "ವಸೂಲಿ ಆಗ್ಯದೆ. ಈ ತಿಂಗ್ಳಿಂದು ಕಟ್ಟಾಗ್ಯದೆ, ರಶೀದಿ ಅದೆ. ಊಟ ಅರ್ಧ ಆಗ್ಯದೆ. ನೀವೂ ಕೂತ್ಕಳಿ, ಸಾರು ಅದೆ."

ಅವರು ಕೂರಲಿಲ್ಲ. ರಶೀದಿ ನೋಡಲಿಲ್ಲ. ಮೊಬೈಲು ತೆಗೆದು ತಟ್ಟೆಯ ಫೋಟೋ ಹೊಡೆದರು. ತಮ್ಮ ಕಡತದಲ್ಲಿ ಆ ಬಂಗಡೆ ಇಂದಿಗೂ ಸಾಕ್ಷಿಯಾಗಿ ಇರಬೇಕು. ವಾರ ಕಳೆಯುವುದರೊಳಗೆ ರೋಷನನಿಗೆ ಆದೇಶ ಬಂತು. ಲಂಚ ತಿಂದವರ ಮೇಲೆ ತನಿಖೆಗೆ ವರ್ಷಗಟ್ಟಲೆ ಬೇಕಾಗುವ ದೇಶದಲ್ಲಿ ಬಂಗಡೆ ತಿಂದವನ ಮೇಲೆ ತೀರ್ಪು ಇಷ್ಟು ಬೇಗ ಬಂದದ್ದನ್ನು ಮೆಚ್ಚಲೇಬೇಕು.

ಆಮೇಲೆ ಏನಾಯಿತೆಂದು ಹೇಳುವಾಗ ನನಗೆ ತಮಾಷೆ ಬರುವುದಿಲ್ಲ, ಕ್ಷಮಿಸಿ. ಹೊಸ ವಸೂಲಿಗಾರ ಬರಲಿಲ್ಲ. ಅವನದೊಂದು ದನಿ ಮಾತ್ರ ಫೋನಿನಲ್ಲಿ ಬಂತು. ಬಾಕಿಯನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟುವ ಒಪ್ಪಂದ ಇದೆ ಎಂದೆ. ದಾಖಲೆಯಲ್ಲಿ ಇಲ್ಲ, ಪೂರ್ತಿ ಈಗಲೇ ಕಟ್ಟಿ ಎಂದಿತು ದನಿ. ಎರಡು ದಿನ ಕಳೆದು ಅದು ನಾಗಶ್ರೀ ಕೆಲಸ ಮಾಡುವ ನರ್ಸಿಂಗ್ ಹೋಮಿಗೆ ಫೋನ್ ಮಾಡಿತು. ಕೌಂಟರಿನಲ್ಲಿದ್ದವರು ಎತ್ತಿದರು. ನಿಮ್ಮಲ್ಲಿ ಸಾಲ ಮುಳುಗಿಸಿದ ಒಬ್ಬಳು ಕೆಲಸ ಮಾಡುತ್ತಾಳೆ ಎಂದು ಹೇಳಿತಂತೆ. ಮರುದಿನ ಮತ್ತೆ. ಅದರ ಮರುದಿನ ಅವಳ ಫೋಟೋ, ಕೆಳಗೆ ಕೆಂಪಕ್ಷರದಲ್ಲಿ ಒಂದು ಮಾತು, ಅಲ್ಲಿನ ಎಲ್ಲರ ಮೊಬೈಲಿಗೆ ಹೋಯಿತು. ಮಾಲೀಕರು ಕೆಟ್ಟವರಲ್ಲ. ಅವಳನ್ನು ಕರೆದು, "ರೋಗಿಗಳ ಎದುರು ಇದೆಲ್ಲ ಆಗಬಾರದು, ಸ್ವಲ್ಪ ದಿನ ಮನೆಯಲ್ಲಿರು" ಎಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಅವತ್ತು ಅವಳು ಮನೆಗೆ ಬಂದು, ಚಪ್ಪಲಿ ಬಿಡದೆ, ಜಗಲಿಯ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತೆ. ಕೇಳಿದಳು: "ಅಪ್ಪಾ, ನಾ ಓದ್ಬಾರ್ದಾಗಿತ್ತಾ?"

ಮಾನ್ಯರೇ, ಮೂವತ್ತು ವರ್ಷ ಬಸ್ಸಿನಲ್ಲಿ ಎಂಥೆಂಥ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೇನೆ. ಇದಕ್ಕೆ "ಮಾಬ್ಲೇಶ್ವರನ ಹತ್ರ ಕೇಳು" ಎಂದೆ. ಅವಳು ಅತ್ತಳು. ಅದಕ್ಕೂ ಮೊದಲು ನಾನು ಅತ್ತಿದ್ದೆ, ಅವಳಿಗೆ ಕಾಣಲಿಲ್ಲ ಅಷ್ಟೇ.

ಆ ಪ್ರಶ್ನೆಯನ್ನು ತಮ್ಮ ಕಡೆಗೆ ತಿರುಗಿಸುತ್ತೇನೆ. ಓದಬಾರದಿತ್ತೇ? ಓದಿ ಓದಿ ಎಂದು ಗೋಡೆಗೆಲ್ಲ ಬರೆಸುವುದು ಒಬ್ಬರು, ಓದಲು ಸಾಲ ಕೊಡುತ್ತೇವೆ ಎಂದು ಶಾಮಿಯಾನ ಹಾಕಿ ಕೂರುವುದು ತಾವು, ಓದಿನ ಬೆಲೆಯನ್ನು ವರ್ಷಕ್ಕೊಮ್ಮೆ ಏರಿಸುವುದು ಕಾಲೇಜು, ಓದಿದವಳಿಗೆ ಹನ್ನೆರಡು ಸಾವಿರ ಕೊಡುವುದು ಇನ್ನೊಬ್ಬರು. ಈ ನಾಲ್ವರಲ್ಲಿ ಯಾರ ಫೋಟೋದ ಕೆಳಗೂ ಕೆಂಪಕ್ಷರ ಬರುವುದಿಲ್ಲ. ಕಾಲೇಜಿನ ಪುಸ್ತಿಕೆಯಲ್ಲಿ "ನೂರಕ್ಕೆ ನೂರು ಉದ್ಯೋಗ" ಎಂದು ಬರೆದಿದ್ದರು. ಆ ಮಾತು ತಪ್ಪಿದ್ದಕ್ಕೆ ಅವರ ಮನೆಗೆ ಯಾರಾದರೂ ಟೈ ಕಟ್ಟಿಕೊಂಡು ಹೋದರೇ? ಮಾತು ತಪ್ಪುವುದು ಅವರಿಗಾದರೆ ಮಾರುಕಟ್ಟೆಯ ಏರಿಳಿತ, ನಮಗಾದರೆ ಮುಳುಗಿಸಿದ್ದು. ಸಾಲ ತೀರಿಸುವುದಿಲ್ಲ ಎಂದು ನಾವು ಎಂದೂ ಹೇಳಿಲ್ಲ. ಬಡ್ಡಿ ಮನ್ನಾ ಮಾಡಿ ಎಂದೂ ಕೇಳುತ್ತಿಲ್ಲ. ಸಾಲ ತೀರಿಸಬೇಕಾದವಳ ಕೆಲಸ ಕಳೆದು ಸಾಲ ತೀರಿಸು ಎನ್ನುವ ಬುದ್ಧಿವಂತಿಕೆ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ಅದರ ಶುಲ್ಕ ಎಷ್ಟು ಎಂಬುದಷ್ಟೇ ನನ್ನ ಕುತೂಹಲ.

ಇನ್ನು ರೋಷನ. ತಾವು ತೆಗೆದ ಮೇಲೆ ಅವನು ಬಂದರಿನಲ್ಲಿ ಐಸು ತುಂಬುವ ಕೆಲಸಕ್ಕೆ ಹೋಗುತ್ತಿದ್ದಾನೆ. ಕಮಿಷನ್ ನಿಂತಿತು, ಅವನ ಎರಡು ಕಂತು ತಪ್ಪಿತು. ಹೊಸ ದನಿಗೆ ಈಗ ಅವನ ಖಾತೆಯೂ ಸಿಕ್ಕಿದೆ. ತಮಾಷೆಯೆಂದರೆ, ಅದು ಒಂದು ದಿನ ನನಗೇ ಫೋನ್ ಮಾಡಿ, "ಈ ರೋಷನ ಎಂಬವನು ಎಲ್ಲಿ ಸಿಗುತ್ತಾನೆ, ನಿಮಗೆ ಪರಿಚಯವಿದೆಯಂತಲ್ಲ" ಎಂದು ಕೇಳಿತು. ಪರಿಚಯವಿದ್ದದ್ದಕ್ಕೇ ಅವನ ಕೆಲಸ ಹೋಯಿತು, ಹೆಚ್ಚು ಕೇಳಬೇಡಿ, ನಿಮ್ಮದೂ ಹೋದೀತು ಎಂದೆ. ಅಷ್ಟರಲ್ಲಿ ಅಂಕೋಲೆಯ ಒಂದು ಸಹಕಾರಿ ಸಂಘದಲ್ಲಿ ಅವನಿಗೆ ಕೆಲಸ ಸಿಗುವ ಹಾಗಾಯಿತು. ಸಂಬಳದ ಕೆಲಸ. ಅವರ ಶರತ್ತು ಎರಡು: ಸಾಲದ ಖಾತೆ ಕೆಟ್ಟ ಪಟ್ಟಿಗೆ ಸೇರಿರಬಾರದು, ಹಿಂದಿನ ಕಡೆಯಿಂದ ನಡತೆಯ ಬಗ್ಗೆ ಒಳ್ಳೆಯ ಮಾತು ಬೇಕು. ಮೂರನೇ ಕಂತೂ ತಪ್ಪಿದರೆ ಅವನ ಹೆಸರು ಆ ಪಟ್ಟಿಗೆ ಬೀಳುತ್ತಿತ್ತು. ಇದನ್ನು ಅವನು ನಮಗೆ ಹೇಳಲಿಲ್ಲ. ಸಂಜೆ ಬೈತಖೋಲದ ಮಾಡಿಗೆ ಹೋದ ನಾಗಶ್ರೀಗೆ ಚಂಪಾ ಹೇಳಿದರು.

ನಾಗಶ್ರೀ ಮನೆಗೆ ಬಂದು, ಆ ತಿಂಗಳು ಬೈತಖೋಲದಲ್ಲಿ ಸಂಪಾದಿಸಿದ್ದನ್ನು ಮೇಜಿನ ಮೇಲೆ ಇಟ್ಟಳು. "ನಮ್ಮ ಕಂತಿಗೆ ಇದು ಸಾಕಾಗೂದಿಲ್ಲ. ಅರ್ಧ ಕಟ್ಟಿದ್ರೂ ಬ್ಯಾಂಕಿನ ಲೆಕ್ಕದಲ್ಲಿ ತಪ್ಪಿದ್ದೇ. ಅವಂದು ಸಣ್ಣ ಕಂತು, ಪೂರಾ ಆಗ್ತದೆ."

ನಾನು ಗಂಗೂ ಮುಖ ನೋಡಿದೆ. ಗಂಗೂ, "ಮತ್ತೆ ನಮ್ಮನೆಗೆ ಬೈಯೂಕೆ ಫೋನ್ ಬರೂದಿಲ್ವಾ?" ಎಂದಳು.

"ಕಟ್ಟಿದ್ರೂ ಬರ್ತದೆ, ಬಿಟ್ರೂ ಬರ್ತದೆ."

"ಹಾಂಗಾರೆ ಅವಂದೇ ಕಟ್ಟು."

ರೋಷನ ಒಪ್ಪಲಿಲ್ಲ. ಬಂದರಿನಿಂದ ಒದ್ದೆ ಬಟ್ಟೆಯಲ್ಲೇ ಅಮದಳ್ಳಿಗೆ ಬಂದು ಅಂಗಳದಲ್ಲಿ ನಿಂತ. "ಇದು ಸರಿ ಆಗೂದಿಲ್ಲ ಕಾಕಾ. ನಾ ನಿಮ್ಮತ್ರ ವಸೂಲಿ ಮಾಡ್ಬೇಕಾದವ. ನಿಮ್ಮ ಹಣದಲ್ಲಿ ನನ್ನ ಸಾಲ ಕಟ್ಟೂದಾ?"

ನಾಗಶ್ರೀ ಹೇಳಿದಳು: "ನಿಮ್ಮ ಅಪ್ಪನ್ನ ನೋಡಿದ್ದಕ್ಕೆ 'ಆಮೇಲೆ ನೋಡ್ವಾ' ಹೇಳಿ ನಾ ಒಂದು ಪೈಸೆ ತಗಳ್ಲಿಲ್ಲ. ನೀವು ಆ ಮಾಡು ಕೊಟ್ಟಿದ್ದಕ್ಕೆ ಬಾಡಿಗೆ ತಗಳ್ಲಿಲ್ಲ. ಎಲ್ಲಾ ಲೆಕ್ಕ ಹಾಕೂಕೆ ಕೂತ್ರೆ ಇಬ್ರೂ ಬ್ಯಾಂಕೇ ಆಗ್ತೇವೆ. ಕೆಲಸ ಸಿಕ್ಕಿದ ಮೇಲೆ ವಾಪಸು ಕೊಡಿ."

ಅವನು ತಲೆ ತಗ್ಗಿಸಿ ಒದ್ದೆ ಅಂಗಿಯ ಅಂಚು ಹಿಂಡಿದ. "ಬಡ್ಡಿ?" ಎಂದು ಕೇಳಿದ. ನಾಗಶ್ರೀ ನಕ್ಕಳು. ನರ್ಸಿಂಗ್ ಹೋಮಿನಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಹಣ ಈ ತಿಂಗಳ ನಾಲ್ಕನೇ ತಾರೀಖು ತಮ್ಮಲ್ಲಿಗೇ ಬಂದು ಸೇರಿದೆ, ಅವನ ಖಾತೆಗೆ. ಅವನ ಹೆಸರು ಕೆಟ್ಟ ಪಟ್ಟಿಗೆ ಬೀಳಲಿಲ್ಲ. ಶರತ್ತುಗಳಲ್ಲಿ ಒಂದನ್ನು ನಾವು ನೋಡಿಕೊಂಡೆವು. ಇನ್ನೊಂದು ತಮ್ಮ ಕೈಯಲ್ಲಿದೆ.

ಆದ್ದರಿಂದ ನನ್ನ ಬೇಡಿಕೆ. ಅಂಕೋಲೆಯ ಸಹಕಾರಿ ಸಂಘದವರು ಈ ತಿಂಗಳ ಕೊನೆಯೊಳಗೆ ರೋಷನನ ನಡತೆ ಹೇಗಿತ್ತೆಂದು ತಮ್ಮನ್ನು ಕೇಳಿ ಬರೆಯುತ್ತಾರೆ. ಆಗ "ಅನುಚಿತ ಸಾಮೀಪ್ಯ" ಎಂಬ ಮಾತನ್ನು ಹೊಡೆದುಹಾಕಿ, ಇವನು ತನಗೆ ವಹಿಸಿದ ಸಾಲವನ್ನು ಯಾರನ್ನೂ ಹೆದರಿಸದೆ ವಸೂಲು ಮಾಡಿದ್ದಾನೆ ಎಂದು ಬರೆಯಬೇಕು. ಹೊಗಳಿಕೆ ಬೇಡ, ಅದು ನಡೆದ ಸಂಗತಿ. ಜೊತೆಗೆ, ನನ್ನ ಮಗಳ ಫೋಟೋ ಕಳಿಸಿದ್ದು ತಪ್ಪಾಯಿತು ಎಂದು ನರ್ಸಿಂಗ್ ಹೋಮಿಗೆ ತಮ್ಮ ಸಹಿಯ ಕಾಗದ ಹೋಗಬೇಕು. ಅವಳು ಕೆಲಸಕ್ಕೆ ಮರಳಿದ ತಿಂಗಳಿನಿಂದ, ರೋಷನ ಮಾಡಿಸಿಕೊಟ್ಟ ಒಪ್ಪಂದದಂತೆಯೇ ನಾವು ಕಟ್ಟುತ್ತೇವೆ. ಅದನ್ನು ದಾಖಲೆಗೆ ಸೇರಿಸಿಕೊಳ್ಳಿ. ಇದಾವುದೂ ತಮಗೆ ಒಂದು ರೂಪಾಯಿ ಖರ್ಚಿನದಲ್ಲ.

ಈ ತಿಂಗಳು ನಮ್ಮ ಖಾತೆಯ ಎದುರು "ಬಂದಿಲ್ಲ" ಎಂದಿರುತ್ತದೆ. ಯಾರಾದರೂ ನನಗೆ ಫೋನ್ ಮಾಡಿ ಏಕೆಂದು ಕೇಳುತ್ತಾರೆ. ಕೇಳಲಿ. ಇನ್ನೊಬ್ಬರ ಮಗನ ಕೆಲಸ ಉಳಿಯಲಿ ಎಂದು ನನ್ನ ಮಗಳು ತನ್ನ ಹೆಸರು ಕೆಡಿಸಿಕೊಂಡಳು ಎಂದು ಹೇಳುತ್ತೇನೆ. ನಾಲ್ಕೂವರೆ ವರ್ಷ ಸಾಲ ಮಾಡಿ ಓದಿಸಿದ್ದು ದಂಡವಾಯಿತೇ ಎಂದು ಕೆಲವು ದಿನ ನನಗೂ ಅನುಮಾನ ಬಂದದ್ದುಂಟು. ಈಗ ಇಲ್ಲ.

ಇಂತಿ,
ಕಂತು ತಪ್ಪಿಸಿ ಮೊದಲ ಬಾರಿಗೆ ನೆಟ್ಟಗೆ ನಿಂತಿರುವ,
ಹರಿಶ್ಚಂದ್ರ
ನಿವೃತ್ತ ಕಂಡಕ್ಟರ್, ಸೇವೆಯಲ್ಲಿರುವ ಸಹ-ಸಾಲಗಾರ
ಅಮದಳ್ಳಿ